ಫರ್ಮಾನ ಪ್ರಮೇಯ ಮತ್ತು ಕನ್ನಡದ ಅಭ್ಯಾಸಿ

ಎರಡು ವರ್ಗಗಳ ಮೊತ್ತವು ವರ್ಗವಾಗುವುದುಂಟು. ಆದರೆ ಧನಪೂರ್ಣಾಂಕಗಳಲ್ಲಿ ಎರಡು ಘನಗಳ ಮೊತ್ತವು ಘನವಾಗದು, ಮೇಲಿನ ಯಾವ ಘಾತಕ್ಕೂ ಹಾಗಾಗದು ಎಂದು ಫರ್ಮಾನು ಸುಮಾರು 1637ರಲ್ಲಿ ಗ್ರಂಥವೊಂದರ ಅಂಚಿನಲ್ಲಿ ಬರೆದಿಟ್ಟನು. ಮೂರೂವರೆ ಶತಮಾನ ಉಪಪತ್ತಿಯಿಲ್ಲದೆ ಬರಿಯ ಊಹೆಯಾಗಿದ್ದ ಈ ಮಾತಿಗೆ ‘ಪ್ರಮೇಯ’ವೆಂಬ ಹೆಸರು ಸಂದದ್ದು ವಿನೋದವೇ ಸರಿ. 1993ರಲ್ಲಿ ಆಂಡ್ರ್ಯೂ ವೈಲ್ಸರು ಸಾರಿದ ಉಪಪತ್ತಿಯಲ್ಲಿ ಲೋಪವೊಂದು ಕಂಡುಬಂದು, ರಿಚರ್ಡ್ ಟೇಲರರ ನೆರವಿನಿಂದ 1994ರಲ್ಲಿ ಅದು ತುಂಬಲ್ಪಟ್ಟು, 1995ರಲ್ಲಿ ಎರಡು ಲೇಖನಗಳಾಗಿ ಅಚ್ಚಾಯಿತು.

ಜಯನಗರ, ಬನಶಂಕರಿಗಳ ಕಾಲೇಜಿನಲ್ಲಿ ಗಣಿತವನ್ನೋದುವ ಅಭ್ಯಾಸಿಯು ಇದನ್ನು ಕಲಿಯಬಯಸಿದರೆ ಯಾವ ಗ್ರಂಥದಿಂದ ತೊಡಗಬೇಕು? ಸೈಮನ್ ಸಿಂಗರ 1997ರ ಪುಸ್ತಕವು ಕಥೆಯನ್ನು ಹೇಳುತ್ತದೆ, ಉಪಪತ್ತಿಯನ್ನಲ್ಲ. ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ‘ರೆಸೊನೆನ್ಸ್’ ಪತ್ರಿಕೆಯು 1996ರ ಜನವರಿಯ ತನ್ನ ಮೊದಲ ಸಂಚಿಕೆಯಲ್ಲಿಯೇ ಈ ವಿಷಯವಾಗಿ ಸಿ. ಎಸ್. ಯೋಗಾನಂದರ ಲೇಖನವನ್ನು ಪ್ರಕಟಿಸಿತು. ಅದು ದಾರಿಯ ನಕ್ಷೆ. ಕೆಲವೇ ಪುಟಗಳಿಂದ ಅದಕ್ಕಿಂತ ಹೆಚ್ಚನ್ನು ಬೇಡುವುದು ನ್ಯಾಯವಲ್ಲ. ಪದವಿ ತರಗತಿಗೆಂದೇ ಬರೆದ ಸಿಲ್ವರ್‌ಮನ್ ಮತ್ತು ಟೇಟರ ಗ್ರಂಥವು (1992) ಎಲಿಪ್ಟಿಕ್ ವಕ್ರರೇಖೆಗಳಿಗೆ ಒಳ್ಳೆಯ ಪ್ರವೇಶ. ಇವೆಲ್ಲವೂ ಇಂಗ್ಲಿಷಿನವು.

ಆದರೂ ಮೊದಲ ಮೆಟ್ಟಿಲು ಕನ್ನಡನಾಡಿನಲ್ಲಿಯೇ ಇದೆ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಎರಡು ಬೀಜಗಳಿಂದ ಜನ್ಯಕ್ಷೇತ್ರವನ್ನು ಪಡೆಯುವ ಸೂತ್ರವನ್ನು ಕೊಟ್ಟಿದ್ದಾನೆ. ಬೀಜವರ್ಗಗಳ ಅಂತರವೊಂದು ಭುಜ, ಬೀಜಗಳ ಗುಣಲಬ್ಧದ ಇಮ್ಮಡಿ ಇನ್ನೊಂದು, ವರ್ಗಗಳ ಮೊತ್ತವೇ ಕರ್ಣ. ಬೀಜಗಳು 2, 1 ಆದರೆ 3, 4, 5. 3, 2 ಆದರೆ 5, 12, 13. ನಾಲ್ಕನೆಯ ಘಾತದ ಉಪಪತ್ತಿಗೆ ಇದೇ ಸಾಧನ. ಭುಜಗಳೆರಡೂ ವರ್ಗಸಂಖ್ಯೆಗಳಾಗಿರುವ ಸಮಕೋನ ತ್ರಿಭುಜವೊಂದುಂಟೆಂದು ಕಲ್ಪಿಸಿದರೆ, ಬೀಜಗಳ ಮೂಲಕ ಅಂಥದೇ ಇನ್ನೂ ಚಿಕ್ಕ ತ್ರಿಭುಜ ದೊರೆಯುತ್ತದೆ, ಅದರಿಂದ ಮತ್ತೊಂದು. ಪೂರ್ಣಾಂಕಗಳು ಹೀಗೆ ಕೊನೆಯಿಲ್ಲದೆ ಇಳಿಯಲಾರವಾದ್ದರಿಂದ ಮೊದಲ ಕಲ್ಪನೆಯೇ ಸುಳ್ಳಾಗುತ್ತದೆ.

ಇಲ್ಲಿ ಕೊರತೆಯೊಂದನ್ನು ಮುಚ್ಚಿಡಬಾರದು. ಬೀಜಗಳಿಂದ ತ್ರಿಭುಜವು ಹುಟ್ಟುತ್ತದೆಂದು ಆಚಾರ್ಯನು ಹೇಳಿದನೇ ಹೊರತು, ಸಾಮಾನ್ಯ ಭಾಜಕವಿಲ್ಲದ ಪ್ರತಿಯೊಂದು ತ್ರಿಭುಜವೂ ಹೀಗೆಯೇ ಹುಟ್ಟಬೇಕೆಂದು ಸಾಧಿಸಲಿಲ್ಲ. ಮೇಲಿನ ವಾದಕ್ಕೆ ಬೇಕಾದುದು ಅದೇ. ಹನ್ನೆರಡನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ವು ಕನ್ನಡದ್ದೇ ಆದರೂ ಸೂತ್ರೋದಾಹರಣೆಗಳ ಗ್ರಂಥ. ನೆರೆಯ ಮಲಯಾಳದಲ್ಲಿಯಾದರೋ ಹದಿನಾರನೆಯ ಶತಮಾನದಲ್ಲಿ ಜ್ಯೇಷ್ಠದೇವನು ‘ಯುಕ್ತಿಭಾಷಾ’ದಲ್ಲಿ ಉಪಪತ್ತಿಗಳನ್ನೇ ದೇಶಭಾಷೆಯಲ್ಲಿ ವಿಸ್ತರಿಸಿದನು.

ಪದ್ಮಾವತಮ್ಮನವರ ಕನ್ನಡಾನುವಾದದೊಡನೆ ‘ಗಣಿತಸಾರಸಂಗ್ರಹ’ವು 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ಅಧ್ಯಾಪಕರು ಜನ್ಯಭಾಗಕ್ಕೆ ಆ ಬಿಟ್ಟುಹೋದ ಉಪಪತ್ತಿಯನ್ನು ಸೇರಿಸಿ ಪಾಠಮಾಡಿದರೆ, ನಾಲ್ಕನೆಯ ಘಾತದವರೆಗೆ ಕನ್ನಡದಲ್ಲಿಯೇ ನಡೆಯಬಹುದು. ಘನಗಳಿಗೆ ಬಂದಾಗ ಮಾತ್ರ ಬೀಜಗಳು ಸಾಲವು. ಅಲ್ಲಿ ಆಯ್ಲರನು ಋಣ ಮೂರರ ವರ್ಗಮೂಲವನ್ನು ಕೂಡಿಸಿಕೊಂಡ ಸಂಖ್ಯೆಗಳನ್ನು ಬಳಸಬೇಕಾಯಿತು.