ಮೂವತ್ತು ಸೆಕೆಂಡಿನ ಕಸುಬು

ಮೂಡಿಗೆರೆ, ಕಳಸದ ಕಡೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟ ನಡೆದರೆ ನನ್ನ ಕಣ್ಣು ಚೆಂಡಿಗಿಂತ ಹೆಚ್ಚಾಗಿ ಕೋಚ್ ಮೇಲಿರುತ್ತದೆ. ಸೆಟ್‌ಗೆ ಎರಡು ಟೈಮ್‌ಔಟ್, ಒಂದೊಂದಕ್ಕೆ 30 ಸೆಕೆಂಡ್. ಸಾಲಾಗಿ ಪಾಯಿಂಟ್ ಕಳೆದುಕೊಂಡ ಹುಡುಗರು ಒಬ್ಬರ ಮುಖ ಒಬ್ಬರು ನೋಡದೆ ಬಂದು ನಿಲ್ಲುತ್ತಾರೆ. ಕಸುಬು ಬಲ್ಲ ಕೋಚ್ ಆಗ ತಪ್ಪುಗಳ ಪಟ್ಟಿ ಬಿಚ್ಚುವುದಿಲ್ಲ. ಮೊದಲು ನೀರು ಕೊಡುತ್ತಾರೆ. ಸರ್ವಿಸ್ ಎತ್ತಲಾಗದೆ ಕುಗ್ಗಿದವನ ಹೆಗಲ ಮೇಲೆ ಕೈಯಿಟ್ಟು, "ಮುಂದಿನ ಬಾಲ್ ನಿಂದೇ ಮಾರಾಯ, ಮೇಲಕ್ಕೆ ಎತ್ತು ಸಾಕು" ಎನ್ನುತ್ತಾರೆ. ಇಡೀ ಪಂದ್ಯದ ಭಾರ ಹೊತ್ತಿದ್ದ ತಲೆಯಲ್ಲಿ ಈಗ ಒಂದೇ ಕೆಲಸ ಉಳಿಯುತ್ತದೆ. ಗದರಿದ್ದರೆ ಅವನು ಚೆಂಡು ತನ್ನ ಕಡೆ ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದ. ಪಕ್ಕದವನು ಅವನ ಜಾಗಕ್ಕೂ ನುಗ್ಗುತ್ತಿದ್ದ, ತಂಡ ಚೆಲ್ಲಾಪಿಲ್ಲಿ.

ತಂಡವನ್ನು ಹಿಡಿದಿಡುವ ಈ ನಂಬಿಕೆ ಅಂಗಳದ ಹೊರಗೂ ಬೆಳೆಯಬೇಕು. 2018ರಲ್ಲಿ ಭಾರತ 19 ವರ್ಷದೊಳಗಿನವರ ಕ್ರಿಕೆಟ್ ವಿಶ್ವಕಪ್ ಗೆದ್ದಾಗ ಕೋಚ್ ರಾಹುಲ್ ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಣೆಯಾಯಿತು. ಈ ವ್ಯತ್ಯಾಸವನ್ನು ದ್ರಾವಿಡ್ ಒಪ್ಪಲಿಲ್ಲ, ಕೊನೆಗೆ ಅವರಿಗೂ ಸಿಬ್ಬಂದಿಗೂ ಸಮವಾಗಿ ತಲಾ 25 ಲಕ್ಷ ಸಿಕ್ಕಿತು. ಇದಕ್ಕಿಂತ ದೊಡ್ಡ ಕೋಚಿಂಗ್ ಪಾಠ ನನಗೆ ಗೊತ್ತಿಲ್ಲ.

ನಮ್ಮ ಪಂದ್ಯಾಟಗಳಲ್ಲಿ ಬೆಸ್ಟ್ ಅಟ್ಯಾಕರ್‌ಗೆ, ಬೆಸ್ಟ್ ಲಿಫ್ಟರ್‌ಗೆ ಟ್ರೋಫಿ ಇರುತ್ತದೆ. ಸಂಘಟಕರೇ, ಈ ಸಲ ಒಳ್ಳೆಯ ಕೋಚ್‌ಗೂ ಒಂದು ಇಡಿ.