ಮದ್ದು, ಉದ್ದೇಶ ಮತ್ತು ರಾಸಾಯನಿಕ ಅಸ್ತ್ರಗಳ ಒಡಂಬಡಿಕೆ

ಕೋಡಿಂಬಾಳದ ಸುತ್ತಣ ಅಡಕೆಯ ತೋಟಗಳಲ್ಲಿ ಮಳೆಗಾಲದ ಕೊಳೆರೋಗವನ್ನು ತಡೆಯಲು ಮೈಲುತುತ್ತು, ಸುಣ್ಣಗಳ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವರು. ಇದಕ್ಕೆ ‘ಮದ್ದು ಬಿಡುವುದು’ ಎಂದು ಹೆಸರು. ರೋಗಿಗೆ ಕೊಡತಕ್ಕದ್ದೂ ಮದ್ದು, ಕೋವಿಗೆ ತುಂಬತಕ್ಕದ್ದೂ ಮದ್ದು, ಹಗೆಯು ಊಟದಲ್ಲಿ ಬೆರಸಿದನೆಂದು ಜನರು ಅಂಜುವ ಕೈಮದ್ದೂ ಮದ್ದೇ. ಇವುಗಳೊಳಗಣ ಭೇದವು ಪ್ರಯೋಗಿಸುವವನ ಉದ್ದೇಶವನ್ನು ತಿಳಿದಲ್ಲದೆ ಗೊತ್ತಾಗದು. ೧೯೯೩ರಲ್ಲಿ ಪ್ಯಾರಿಸ್ಸಿನಲ್ಲಿ ಸಹಿಗೆ ತೆರೆಯಲ್ಪಟ್ಟು ೧೯೯೭ರ ಏಪ್ರಿಲ್ ೨೯ರಂದು ಜಾರಿಗೆ ಬಂದ ರಾಸಾಯನಿಕ ಅಸ್ತ್ರಗಳ ಒಡಂಬಡಿಕೆಯ ಎರಡನೆಯ ವಿಧಿಯೂ ಇದೇ ದಾರಿಯನ್ನು ಹಿಡಿದಿದೆ. ಅದರ ಮೇರೆಗೆ ವಿಷಕಾರಿಯಾದ ಯಾವ ರಾಸಾಯನಿಕವಾದರೂ ಅಸ್ತ್ರವೇ; ಕೃಷಿ, ಕೈಗಾರಿಕೆ, ಸಂಶೋಧನೆ, ವೈದ್ಯ ಮೊದಲಾದ ನಿಷಿದ್ಧವಲ್ಲದ ಉದ್ದೇಶಗಳಿಗಾಗಿ, ಅವಕ್ಕೆ ತಕ್ಕ ಪ್ರಮಾಣದಲ್ಲಿ ಇದ್ದರೆ ಮಾತ್ರ ಅದಕ್ಕೆ ವಿನಾಯಿತಿ ಉಂಟು.

ಭಯೋತ್ಪಾದನೆಯನ್ನು ತಡೆಯುವ ವಿಷಯದಲ್ಲಿ ಈ ಲಕ್ಷಣವಾಕ್ಯವು ಬಹಳ ಸಮರ್ಥವಾದುದೆಂದು ಒಪ್ಪಬೇಕು. ಕ್ಲೋರಿನ್ ಕುಡಿಯುವ ನೀರನ್ನು ಶುದ್ಧಿಮಾಡುವ ಸಾಮಾನ್ಯ ವಸ್ತು; ಒಡಂಬಡಿಕೆಯ ಮೂರು ಪಟ್ಟಿಗಳಲ್ಲಿ ಒಂದರಲ್ಲಿಯೂ ಅದರ ಹೆಸರಿಲ್ಲ. ೨೦೦೭ರಲ್ಲಿ ಇರಾಕಿನ ದಂಗೆಕೋರರು ಅದನ್ನು ಲಾರಿಗಳಲ್ಲಿಟ್ಟು ಸಿಡಿಸಿದಾಗ, ಪಟ್ಟಿಯನ್ನೇ ನಂಬಿದ ಕಾನೂನಾಗಿದ್ದರೆ ಬಾಯಿ ಕಟ್ಟಿ ನಿಲ್ಲಬೇಕಾಗಿತ್ತು. ‘ಭಯೋತ್ಪಾದನೆ’ ಎಂಬ ಪದವೇ ಆ ವಿಧಿಗಳಲ್ಲಿ ಕಾಣುವುದಿಲ್ಲವೆಂಬುದು ನಿಜ. ರಚಿಸಿದವರ ಕಣ್ಣ ಮುಂದಿದ್ದುದು ರಾಷ್ಟ್ರ ರಾಷ್ಟ್ರಗಳ ಯುದ್ಧ. ಟೋಕಿಯೋ ನಗರದ ಸುರಂಗ ರೈಲುಗಳಲ್ಲಿ ಓಂ ಶಿನ್ರಿಕ್ಯೋ ಪಂಥದವರು ಸಾರಿನ್ ವಿಷವನ್ನು ಹರಡಿದ್ದು ೧೯೯೫ರ ಮಾರ್ಚ್ ೨೦ರಂದು, ಅಂದರೆ ಒಡಂಬಡಿಕೆ ಜಾರಿಗೆ ಬರುವ ಮೊದಲೇ. ಆದರೂ ಪ್ರತಿ ರಾಷ್ಟ್ರವೂ ತನ್ನ ಪ್ರಜೆಗಳನ್ನು ಕಾನೂನಿನಿಂದ ಕಟ್ಟತಕ್ಕದ್ದೆಂದು ವಿಧಿಸುವ ಏಳನೆಯ ವಿಧಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ನಮ್ಮಲ್ಲಿ ೨೦೦೦ದ ಅಧಿನಿಯಮವು ಬಂದುದು ಇದರಿಂದಲೇ. ೨೦೦೪ರ ಏಪ್ರಿಲಿನಲ್ಲಿ ಭದ್ರತಾ ಸಮಿತಿಯ ೧೫೪೦ನೆಯ ನಿರ್ಣಯವು ಇಂತಹ ಕಟ್ಟಳೆಯನ್ನು ಎಲ್ಲ ರಾಷ್ಟ್ರಗಳ ಮೇಲೆಯೂ ಹೊರಿಸಿತು.

ಆದರೆ ಉದ್ದೇಶವನ್ನೇ ಒರೆಗಲ್ಲಾಗಿ ಹಿಡಿದಾಗ ಉದ್ದೇಶವಿಲ್ಲದೆ ಒದಗಿದ ಕೇಡಿಗೆ ಏನು ಗತಿ? ಕೀಟನಾಶಕಕ್ಕೂ ಅಸ್ತ್ರಕ್ಕೂ ಇರುವ ನಂಟು ಹೊಸದಲ್ಲ. ಗೆರ್ಹಾರ್ಡ್ ಶ್ರಾಡರ್ ೧೯೩೬ರಲ್ಲಿ ಹುಡುಕುತ್ತಿದ್ದುದು ಕೀಟಗಳಿಗೆ ಮದ್ದನ್ನು. ಕೈಗೆ ಸಿಕ್ಕಿದುದು ಟಾಬುನ್ ಎಂಬ ನರವಿಷ. ೧೯೫೦ರ ದಶಕದಲ್ಲಿ ಕೀಟನಾಶಕವೆಂದು ಮಾರಾಟವಾದ ಅಮಿಟಾನ್ ಇಂದು ಒಡಂಬಡಿಕೆಯ ಎರಡನೆಯ ಪಟ್ಟಿಯಲ್ಲಿದೆ.

ಎಂಡೋಸಲ್ಫಾನ್ ಯಾವ ಪಟ್ಟಿಯಲ್ಲಿಯೂ ಇಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳ ಕಡೆ ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದುದು ಇದನ್ನೇ. ಗುರಿ ಗೇರಿನ ಚಿಗುರನ್ನು ಹೀರುವ ಕೀಟ. ಕೆಳಗೆ ಮನೆ, ಬಾವಿ, ಶಾಲೆಗಳಿದ್ದುವು. ಬಾಧಿತರ ಹಗಲುಪಾಲನಾ ಕೇಂದ್ರಗಳು ಕೊಕ್ಕಡದಲ್ಲಲ್ಲದೆ, ಕೋಡಿಂಬಾಳವು ಸೇರಿರುವ ಕಡಬ ತಾಲೂಕಿನ ಕೊಯಿಲದಲ್ಲಿಯೂ ಏರ್ಪಟ್ಟುವು. ಇದನ್ನು ರಾಸಾಯನಿಕ ಭಯೋತ್ಪಾದನೆಯೆಂದು ಕರೆಯಲು ಮನಸ್ಸು ಎಳೆಯುವುದು ಸಹಜ. ನನಗೆ ಮಾತ್ರ ಅದು ಒಪ್ಪತಕ್ಕ ಮಾತಾಗಿ ತೋರುವುದಿಲ್ಲ. ಹಾಗೆಂದವನು ಕೊಲ್ಲುವ, ಬೆದರಿಸುವ ಸಂಕಲ್ಪವನ್ನು ಸಾಧಿಸಿ ತೋರಿಸಬೇಕಾಗುತ್ತದೆ. ಆ ವಾದದಲ್ಲಿ ಸೋತನೆಂದರೆ, ನಿಜವಾಗಿ ನಡೆದ ಅಜಾಗ್ರತೆಯೂ ಅದರೊಡನೆ ಖುಲಾಸೆಯಾಗಿಬಿಡುತ್ತದೆ.

ನನ್ನ ಆಕ್ಷೇಪವಿರುವುದು ಹತ್ತನೆಯ ವಿಧಿಯಲ್ಲಿ. ರಾಸಾಯನಿಕ ಅಸ್ತ್ರದ ದಾಳಿಗೆ ಗುರಿಯಾದ ರಾಷ್ಟ್ರವು ಪ್ರತಿವಿಷ, ಚಿಕಿತ್ಸೆ, ಪರೀಕ್ಷಾ ಸಲಕರಣೆಗಳನ್ನು ಹೇಗ್ ನಗರದ ಸಂಸ್ಥೆಯಿಂದ ಹಕ್ಕಿನಿಂದ ಕೇಳಬಹುದು. ಅಪರಾಧಿಯನ್ನು ಗೊತ್ತುಮಾಡಲು ಉದ್ದೇಶವನ್ನು ವಿಚಾರಿಸುವುದು ನ್ಯಾಯ. ರೋಗಿಯನ್ನು ಗೊತ್ತುಮಾಡಲು ಅದನ್ನೇ ವಿಚಾರಿಸುವುದು ಹೇಗೆ ನ್ಯಾಯ? ವಿಷವನ್ನು ಉಸಿರಾಡಿದ ದೇಹಕ್ಕೆ ಸಿಂಪಡಿಸಿದವನ ಮನಸ್ಸು ತಿಳಿಯದು.

ಉದ್ದೇಶವನ್ನು ಕೇಳದ ಪಠ್ಯವೂ ಒಂದುಂಟು. ೨೦೦೧ರ ಸ್ಟಾಕ್‌ಹೋಮ್ ಒಡಂಬಡಿಕೆಯು ವಸ್ತುವು ಎಷ್ಟು ಕಾಲ ಉಳಿಯುವುದು, ಎಷ್ಟು ದೂರ ಸಾಗುವುದು, ದೇಹದಲ್ಲಿ ಎಷ್ಟು ಕೂಡುವುದು ಎಂಬಂತಹುದನ್ನು ನೋಡುತ್ತದೆ. ಆದರೆ ಅದು ಹೆಸರನ್ನು ಒಂದೊಂದಾಗಿ ಬರೆಯುವ ಕಾನೂನು. ಆದುದರಿಂದ ತಡವಾಗಿ ಬರುವ ಕಾನೂನು. ಎಂಡೋಸಲ್ಫಾನಿನ ಹೆಸರು ಅದರಲ್ಲಿ ಸೇರಿದುದು ೨೦೧೧ರ ಏಪ್ರಿಲಿನಲ್ಲಿ, ಅದೂ ಕೆಲವು ವಿನಾಯಿತಿಗಳೊಡನೆ. ನಮ್ಮ ಸರ್ವೋಚ್ಚ ನ್ಯಾಯಾಲಯವು ಅದೇ ಮೇ ೧೩ರಂದು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಕೊಕ್ಕಡದ ಮೇಲೆ ಹೆಲಿಕಾಪ್ಟರು ಹಾರುವುದು ನಿಂತು ಅಷ್ಟರಲ್ಲಿ ಸುಮಾರು ಹತ್ತು ವರ್ಷ ಕಳೆದಿತ್ತು. ಬಾಧಿತರ ಚಿಕಿತ್ಸೆಗೆ ಹತ್ತನೆಯ ವಿಧಿಯಂತಹುದು ಸ್ಟಾಕ್‌ಹೋಮಿನ ಪಠ್ಯದಲ್ಲಿಯೂ ಇಲ್ಲ. ಅವರಿಗೆ ದೊರೆತ ಮಾಸಾಶನವು ರಾಜ್ಯ ಸರಕಾರದ್ದು.