ನಿಧಾನದ ಹಡಗು, ನಿಂತುಹೋದ ರೈಲು

ಪಿರೇಯಸ್ ಬಂದರಿನಿಂದ ಹೊರಟ ಹಡಗಿನ ಮೇಲಟ್ಟದಲ್ಲಿ ನಿಂತರೆ ಬಲಗಡೆ ಸಲಾಮಿಸ್ ದ್ವೀಪ ಕಾಣುತ್ತದೆ. ಕ್ರಿ.ಪೂ. 480ರಲ್ಲಿ ಪರ್ಷಿಯಾದ ನೌಕಾಬಲ ಮುರಿದುಬಿದ್ದದ್ದು ಅಲ್ಲಿಯೇ. ಆ ಸೋಲನ್ನು ಕುರಿತ ಈಸ್ಕಿಲಸ್‌ನ ನಾಟಕವನ್ನು ಬಿ.ಎಂ.ಶ್ರೀಯವರು 1935ರಲ್ಲಿ ‘ಪಾರಸಿಕರು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಅದನ್ನು ಓದಿಕೊಂಡು ಹೋದವರಿಗೆ ಆ ಕೆಲವು ನಿಮಿಷಗಳ ನೋಟವೇ ಟಿಕೆಟ್ಟಿನ ದುಡ್ಡಿಗೆ ಸಾಟಿ. ಇದಕ್ಕೆ ಕ್ಯಾಬಿನ್ ಬೇಕಿಲ್ಲ. ಎಲ್ಲಕ್ಕಿಂತ ಅಗ್ಗದ ಡೆಕ್ ಟಿಕೆಟ್ ಸಾಕು.

ಗಂಡ ಹೆಂಡತಿ ಇಬ್ಬರೇ, ಬೆನ್ನಿಗೊಂದೊಂದು ಚೀಲ, ನೆಲದ ಮೇಲೆ ರೈಲು, ನೀರಿನ ಮೇಲೆ ಫೆರಿ. ಕಡಿಮೆ ಖರ್ಚಿನಲ್ಲಿ ಗ್ರೀಸ್ ನೋಡುವ ಈ ಪದ್ಧತಿಗೆ ದಶಕಗಳ ಹೆಸರಿದೆ. ನಮ್ಮ ಕಡೆಯ ದಂಪತಿಗಳಿಗೂ ಈಗ ಅದರ ಆಸೆ ಹುಟ್ಟಿದೆ. ಈ ಹೆಸರು ಇಂದಿಗೂ ಸಲ್ಲುತ್ತದೆಯೇ ಎಂದು ನೋಡುವಾಗ ಎಷ್ಟು ಉಳಿಯಿತು ಎಂಬ ಲೆಕ್ಕವೊಂದನ್ನೇ ಹಿಡಿದು ಕೂರಬಾರದು. ಹಾಗೆ ಉಳಿಸಿದ್ದು ಆ ದೇಶವನ್ನು ನಮಗೆ ಹತ್ತಿರ ತಂದಿತೇ, ದೂರ ಮಾಡಿತೇ ಎಂದು ಕೇಳಬೇಕು.

ರೈಲಿನ ವಿಷಯದಲ್ಲಿ ಉತ್ತರ ನೋವಿನದು. ಗ್ರೀಸಿನ ಹಳಿಗಳ ಜಾಲ ಮೊದಲಿನಿಂದಲೂ ತೆಳು. ಪೆಲೊಪೊನೀಸ್ ಪ್ರಾಂತ್ಯದ ಹಳೆಯ ಮೀಟರ್ ಗೇಜ್ ರೈಲುಗಳಲ್ಲಿ ಹೆಚ್ಚಿನವು ಸಾಲದ ಬಿಕ್ಕಟ್ಟಿನ ಹೊತ್ತಿನಲ್ಲಿ, 2011ರಲ್ಲಿ, ನಿಂತುಹೋದವು. ಉಳಿದ ಮುಖ್ಯ ಮಾರ್ಗ ಅಥೆನ್ಸಿನಿಂದ ಥೆಸಲೊನೀಕಿಗೆ, ಸುಮಾರು 500 ಕಿಲೋಮೀಟರು. 2023ರ ಫೆಬ್ರುವರಿ 28ರ ರಾತ್ರಿ ಅದೇ ಮಾರ್ಗದಲ್ಲಿ, ಟೆಂಪಿ ಕಣಿವೆಯ ಬಳಿ, ಪ್ರಯಾಣಿಕರ ರೈಲೂ ಗೂಡ್ಸ್ ರೈಲೂ ಎದುರೆದುರು ಡಿಕ್ಕಿಯಾಗಿ 57 ಜನ ಸತ್ತರು. ರಜೆ ಮುಗಿಸಿ ಓದಿಗೆ ಮರಳುತ್ತಿದ್ದ ವಿದ್ಯಾರ್ಥಿಗಳು ಅವರಲ್ಲಿ ಹಲವರು. ಎರಡು ರೈಲುಗಳೂ ಹನ್ನೆರಡು ನಿಮಿಷ ಒಂದೇ ಹಳಿಯ ಮೇಲೆ ಓಡಿದ್ದವು. ತಡೆಯಬಲ್ಲ ಸ್ವಯಂಚಾಲಿತ ವ್ಯವಸ್ಥೆ ಅಲ್ಲಿ ಕೆಲಸಕ್ಕೆ ಬಂದಿರಲಿಲ್ಲ. ಆಮೇಲೆ ಬೀದಿಗಿಳಿದವರ ಫಲಕಗಳಲ್ಲಿ ಇದ್ದದ್ದು ‘ತಲುಪಿದ ಮೇಲೆ ಫೋನ್ ಮಾಡು’ ಎಂಬ ಮಾತು. ಊರಿಗೆ ಹೊರಟ ಮಕ್ಕಳಿಗೆ ನಮ್ಮ ತಾಯಂದಿರು ಹೇಳುವುದೂ ಇದನ್ನೇ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಡೇನಿಯಲ್’ ಚಂಡಮಾರುತದ ಪ್ರವಾಹ ಥೆಸಲಿ ಬಯಲಿನ ಹಳಿಗಳನ್ನು ಕೊಚ್ಚಿಕೊಂಡು ಹೋಯಿತು. ಬಂಡೆಗಳ ನೆತ್ತಿಯ ಮೇಲೆ ಮಠಗಳಿರುವ ಮೆಟೆಯೋರಾಕ್ಕೆ ಹೋಗುವ ಕಲಂಬಾಕ ಮಾರ್ಗವೂ ಆಗ ಬಹುಕಾಲ ಮುಚ್ಚಿತು.

ಹಳೆಯ ಕೈಪಿಡಿ ಹಿಡಿದು ರೈಲನ್ನೇ ನಂಬಿ ಯೋಜನೆ ಹಾಕುವುದು ಈ ಪದ್ಧತಿಯ ಮೊದಲ ದೋಷ. ಡೆಲ್ಫಿಗೆ ರೈಲೇ ಇಲ್ಲ. ನಾಡಿನ ಬಹುಭಾಗವನ್ನು ಜೋಡಿಸುವುದು ‘ಕ್ಟೆಲ್’ ಎಂಬ ಬಸ್ಸುಗಳು. ಊರಿನವರು ಓಡಾಡುವುದೂ ಅವುಗಳಲ್ಲೇ. ಆದರೂ ಒಂದು ರೈಲನ್ನು ಬಿಡಬಾರದು. 1896ರಲ್ಲಿ ಶುರುವಾದ, ಡಿಯಾಕೊಫ್ಟೊದಿಂದ ಕಲಾವ್ರಿಟಾಕ್ಕೆ 22 ಕಿಲೋಮೀಟರ್ ಹತ್ತುವ ಪುಟ್ಟ ರೈಲು ಅದು. ಹಳಿಗಳ ನಡುವಿನ ಅಂತರ ಬರೀ 75 ಸೆಂಟಿಮೀಟರು; ಕಡಿದಾದ ಏರಿನಲ್ಲಿ ಊಟಿ ರೈಲಿನಂತೆ ಹಲ್ಲಿನ ಹಳಿಯನ್ನು ಕಚ್ಚಿಕೊಂಡು ಏರುತ್ತದೆ. ಕಮರಿಯ ಚೆಲುವು ನೋಡುತ್ತಾ ಮೇಲೆ ಹೋಗಿ ಇಳಿದವರಿಗೆ ಸಿಗುವುದು, 1943ರ ಡಿಸೆಂಬರ್ 13ರಂದು ಜರ್ಮನ್ ಸೈನಿಕರು ಗಂಡಸರನ್ನು, ಹದಿಹರೆಯದ ಹುಡುಗರನ್ನು ಗುಡ್ಡಕ್ಕೆ ಒಯ್ದು ಕೊಂದ ಊರು. ಆ ಊರಿಗೆ ಫೋಟೋ ತೆಗೆದುಕೊಳ್ಳಲಷ್ಟೇ ಹೋಗಿ ಬರಬಾರದು. ಒಂದು ರಾತ್ರಿ ಇದ್ದು ಬರಬೇಕು.

ಹಡಗಿಗೆ ಬಂದರೆ ಈ ಪದ್ಧತಿ ತನ್ನ ಹೆಸರನ್ನು ಪೂರ್ತಿ ಉಳಿಸಿಕೊಂಡಿದೆ. ಅಥೆನ್ಸಿನಿಂದ ಮೆಟ್ರೊ ಹತ್ತಿದರೆ ಪಿರೇಯಸ್ ಬಂದರಿನ ಎದುರಿಗೇ ಇಳಿಯಬಹುದು. ಅಲ್ಲಿ ಎರಡು ಬಗೆಯ ಹಡಗುಗಳಿವೆ. ವೇಗದ ಕ್ಯಾಟಮರಾನ್ ಐದಾರು ಗಂಟೆಯಲ್ಲಿ ಸ್ಯಾಂಟೊರಿನಿ ಮುಟ್ಟಿಸುತ್ತದೆ. ದರ ಹೆಚ್ಚು, ಒಳಗೆ ಮುಚ್ಚಿದ ಸೀಟು, ಗಾಜಿನಾಚೆ ಸಮುದ್ರ. ದೊಡ್ಡ ಸಾಮಾನ್ಯ ಹಡಗಿಗೆ ಎಂಟು ಗಂಟೆ ಹಿಡಿಯುತ್ತದೆ. ಅಲ್ಲಿ ತೆರೆದ ಅಟ್ಟವಿದೆ, ಗಾಳಿಯಿದೆ, ಜನರಿದ್ದಾರೆ. ರಜೆಗೆ ಮನೆಗೆ ಹೊರಟ ಸಿಪಾಯಿ, ಆಸ್ಪತ್ರೆ ಮುಗಿಸಿ ಮರಳುವ ಅಜ್ಜಿ, ಕೆಳಗೆ ತರಕಾರಿ ಲಾರಿಗಳ ಸಾಲು. ಪಾರೊಸ್, ನಾಕ್ಸೊಸ್ ಬಂದಾಗ ಹಿಂಬದಿಯ ಬಾಗಿಲು ಸೇತುವೆಯಂತೆ ಕೆಳಗಿಳಿದು, ಕೆಲವೇ ನಿಮಿಷಗಳಲ್ಲಿ ಒಂದು ಸಂತೆಯಷ್ಟು ಜನ ಇಳಿದು ಇನ್ನೊಂದು ಸಂತೆ ಹತ್ತುತ್ತದೆ. ಇಲ್ಲಿ ಕಡಿಮೆ ದುಡ್ಡು ಕೊಟ್ಟವನೇ ಹೆಚ್ಚು ನೋಡುತ್ತಾನೆ. ಕ್ರೀಟಿಗೆ ರಾತ್ರಿ ಹಡಗು ಹಿಡಿದರೆ ಒಂದು ದಿನದ ರೂಮು ಬಾಡಿಗೆಯೂ ಉಳಿಯುತ್ತದೆ.

ಇದಕ್ಕಿಂತ ಆಳದ ಅನುಭವ ಸಣ್ಣ ಹಡಗುಗಳದು. ಲಾಭವಿಲ್ಲದ ಪುಟ್ಟ ದ್ವೀಪಗಳಿಗೆ ಸರ್ಕಾರ ಸಹಾಯಧನ ಕೊಟ್ಟು ಓಡಿಸುವ ಮಾರ್ಗಗಳನ್ನು ಗ್ರೀಕರು ‘ಆಗೊನಿ ಗ್ರಮ್ಮಿ’, ಅಂದರೆ ಬಂಜರು ಮಾರ್ಗ, ಎನ್ನುತ್ತಾರೆ. ನಾಕ್ಸೊಸಿನಿಂದ ಇರಾಕ್ಲಿಯಾ, ಸ್ಕಿನೂಸಾ, ಕೂಫೊನಿಸಿ ದಾಟಿ ಅಮೊರ್ಗೊಸಿಗೆ ಹೋಗುವ ‘ಸ್ಕೊಪೆಲೀಟಿಸ್’ ಎಂಬ ಚಿಕ್ಕ ಹಡಗು ಆ ಜನರ ಜೀವನಾಡಿ. ನಮ್ಮ ಹಳ್ಳಿಗಳಿಗೆ ಬೆಳಿಗ್ಗೆ ಸಂಜೆ ಬರುವ ಕೆಂಪು ಬಸ್ಸಿನ ಬೆಲೆ ಬಲ್ಲವರಿಗೆ ಈ ಹಡಗಿನ ಬೆಲೆ ಹೇಳಿಕೊಡಬೇಕಿಲ್ಲ.

ಜೊತೆಯಾಗಿ ಹೋಗುವುದರ ಲಾಭ ನಿಜ. ಹಾಸ್ಟೆಲಿನ ಎರಡು ಮಂಚದ ಬಾಡಿಗೆಗೆ ಸ್ವಲ್ಪ ಸೇರಿಸಿದರೆ ಹಲವು ಕಡೆ ಒಂದು ಕೋಣೆಯೇ ಸಿಗುತ್ತದೆ. ಒಬ್ಬರು ಚೀಲ ಕಾದರೆ ಇನ್ನೊಬ್ಬರು ಸಾಲಿನಲ್ಲಿ ನಿಲ್ಲಬಹುದು. ಆದರೆ ಒಬ್ಬಂಟಿಗನಿಗೆ ಸಿಗುವ ಒಡನಾಟ ಜೋಡಿಗೆ ಸುಲಭಕ್ಕೆ ಸಿಗದು. ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುವ ಇಬ್ಬರು ತಾವೇ ಒಂದು ದ್ವೀಪವಾಗಿಬಿಡುತ್ತಾರೆ. ಇದಕ್ಕೆ ಮದ್ದು ಸಣ್ಣ ಊಟದಂಗಡಿ. ಅಲ್ಲಿ ‘ನಿಸ್ತೀಸಿಮಾ’ ಎಂದು ಕೇಳಿದರೆ ಉಪವಾಸ ಕಾಲದ ಅಡುಗೆ ಎಂದು ಅರ್ಥವಾಗುತ್ತದೆ. ಮಾಂಸ, ಮೊಟ್ಟೆ, ಹಾಲಿನ ಪದಾರ್ಥ ಅದರಲ್ಲಿರುವುದಿಲ್ಲ. ಸ್ಯಾಂಟೊರಿನಿಯ ‘ಫಾವಾ’ ನಮ್ಮ ತೊವ್ವೆಯ ಹತ್ತಿರದ ನೆಂಟ. ಸಸ್ಯಾಹಾರಿಗಳು ಈ ದೇಶಕ್ಕೆ ಹೆದರಬೇಕಿಲ್ಲ.

ಕಂಡದ್ದನ್ನು ಕಂಡ ಹಾಗೆ ಹೇಳಬೇಕಾದ ಇನ್ನೊಂದು ಮಾತಿದೆ. ಎಲ್ಲಿ ಮನಸ್ಸು ಬಂತೋ ಅಲ್ಲಿ ಇಳಿಯುವ ಸ್ವಾತಂತ್ರ್ಯ ಯುರೋಪಿನ ಹುಡುಗರದು. ಭಾರತದ ಪಾಸ್‌ಪೋರ್ಟಿನವರು ತಲಾ 90 ಯೂರೊ ಕೊಟ್ಟು ಷೆಂಗೆನ್ ವೀಸಾ ಕೇಳಬೇಕು, 30,000 ಯೂರೊ ಮೊತ್ತದ ವಿಮೆ ಮಾಡಿಸಬೇಕು, ಎಲ್ಲೆಲ್ಲಿ ತಂಗುತ್ತೇವೆಂದು ಮೊದಲೇ ತೋರಿಸಬೇಕು. 2025ರಿಂದ ಅಕ್ರೊಪೊಲಿಸ್ ಪ್ರವೇಶಕ್ಕೇ 30 ಯೂರೊ. ‘ಅಗ್ಗದ ಗ್ರೀಸ್’ ನಮ್ಮ ಪಾಲಿಗೆ ಅಷ್ಟೇನೂ ಅಗ್ಗವಲ್ಲ. ಬಂದ ಖರ್ಚು ಹುಟ್ಟಿಸಿಕೊಳ್ಳಬೇಕೆಂಬ ಆತುರಕ್ಕೆ ಬಿದ್ದು ಹತ್ತು ದಿನದಲ್ಲಿ ಆರು ದ್ವೀಪ ಓಡುವವರು ಕೊನೆಗೆ ನೋಡುವುದು ಬಂದರಿನ ಕಟ್ಟೆ ಮತ್ತು ಟಿಕೆಟ್ ಕೌಂಟರು. ಪ್ರತಿ ಸಲ ದಾಟುವಾಗಲೂ ಹೊಸ ಟಿಕೆಟ್, ಅರ್ಧ ದಿನ ಕಾಯುವಿಕೆ. ಸಮುದ್ರದ ದಂಡೆಯಲ್ಲಿ ಡೇರೆ ಹಾಕಿ ಮಲಗುವ ಹಳೆಯ ಚಾಳಿಯನ್ನೂ ಬಿಡಬೇಕು. ಅದು ಅಲ್ಲಿ ಕಾನೂನುಬಾಹಿರ, ಅಲ್ಲದೆ ನೀರಿನ ಕೊರತೆಯ ದ್ವೀಪಗಳಿಗೆ ಭಾರ.

ಕೊನೆಯ ತೀರ್ಮಾನ ಇಷ್ಟು. ರೈಲಿಗಾಗಿ ಗ್ರೀಸಿಗೆ ಹೋಗಬೇಡಿ, ಹಡಗಿಗಾಗಿ ಹೋಗಿ. ಜುಲೈ, ಆಗಸ್ಟಿನಲ್ಲಿ ‘ಮೆಲ್ಟೆಮಿ’ ಗಾಳಿ ಜೋರಾಗಿ ಎದ್ದರೆ ಹಡಗುಗಳನ್ನು ಬಂದರಿನಲ್ಲೇ ನಿಲ್ಲಿಸುತ್ತಾರೆ. ಮೇ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳಿ. ಎರಡು ವಾರಕ್ಕೆ ಎರಡೇ ದ್ವೀಪ ಸಾಕು. ವೇಗದ ಹಡಗಿಗೆ ಕೊಡಬೇಕೆಂದಿದ್ದ ಹೆಚ್ಚಿನ ಹಣದಲ್ಲಿ ಯಾವುದಾದರೂ ಸಣ್ಣ ದ್ವೀಪದಲ್ಲಿ ಇನ್ನೊಂದು ದಿನ ಇರಿ. ವಿಮಾನ ಹತ್ತುವ ಹಿಂದಿನ ದಿನವೇ ಅಥೆನ್ಸಿಗೆ ಮರಳಿರಿ. ತಲುಪಿದ ಮೇಲೆ ಮನೆಗೆ ಫೋನ್ ಮಾಡಿ.